ಮಾತಾಡದವರ ಮತ

ಫೆಬ್ರವರಿ 3, 2025, ಸೋಮವಾರ

ಇವತ್ತು ನನ್ನ ಓದುವ ಕೋಣೆ ಹೋಯಿತು. ಈ ಸಲ ಮೆಣಸು ಚೆನ್ನಾಗಿ ಬಂದಿದೆ, ಮೂಟೆ ಇಡಲು ಜಾಗ ಸಾಲದು, ಮುಂದಿನ ಕೋಣೆಗೆ ಹಾಕಿಸೋಣ ಎಂದು ಭಾವ ಬೆಳಗ್ಗೆ ತಿಂಡಿ ತಿನ್ನುತ್ತಾ ಹೇಳಿದರು. ಆಮೇಲೆ ಅವರ ಪದ್ಧತಿಯಂತೆ ತಲೆಯೆತ್ತಿ ಒಂದು ಸುತ್ತು ನೋಡಿ, "ಯಾರ್ದಾದ್ರೂ ತಕರಾರೈತಾ?" ಎಂದರು. ಸರ್ವಮಂಗಳಕ್ಕ ದೋಸೆ ಹುಯ್ಯುತ್ತಿದ್ದರು. ನಾನು ಚಟ್ನಿ ಬಡಿಸುತ್ತಿದ್ದೆ. ಇವರು ತಟ್ಟೆಯಿಂದ ಮುಖವನ್ನೇ ಎತ್ತಲಿಲ್ಲ. ಭಾವ ಒಂದು ಗುಟುಕು ಕಾಫಿ ಕುಡಿದು "ಹಂಗಾರೆ ಆಯ್ತು" ಎಂದರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ನನ್ನ ಮೇಜು ಅಡುಗೆಮನೆ ಪಕ್ಕದ ಓಣಿಗೆ ಬಂದಿತ್ತು.

ಈ ಮನೆಯಲ್ಲಿ ಮಾತು ಅಂದರೆ ಭಾವ ಸಿದ್ದಬಸಪ್ಪನವರದು. ಅವರ ಹೆಂಡತಿ ಸರ್ವಮಂಗಳಕ್ಕ, ಅವರ ತಮ್ಮ ಅಂದರೆ ನನ್ನ ಗಂಡ ಕೀರ್ತಿಕುಮಾರ್, ಮೂರನೆಯವಳು ನಾನು, ಬಾಯಿ ಇರುವುದು ಊಟಕ್ಕೆ ಎಂದು ತಿಳಿದವರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ನಾನು ಓಣಿಯಲ್ಲಿ ಒಗ್ಗರಣೆ ಹೊಗೆಗೆ ಸೀನುತ್ತಾ ಬದುಕಬೇಕು. ಅಲ್ಲಿ ಬಾಯಿಗೆ ಬಾರದ್ದೆಲ್ಲ ಇಲ್ಲಿ ಪೆನ್ನಿಗೆ ಬರುತ್ತದೆ.

ಮಾರ್ಚ್ 31ಕ್ಕೆ ನನ್ನ ಪಿಎಚ್.ಡಿ. ನೋಂದಣಿ ಮುಗಿಯುತ್ತದೆ. ಇನ್ನು ಮುಂದೂಡುವುದಿಲ್ಲ ಎಂದು ವಿಶ್ವವಿದ್ಯಾಲಯ ಬರೆದಾಗಿದೆ. ಅಷ್ಟರೊಳಗೆ ಪ್ರಬಂಧ ಒಪ್ಪಿಸಿದರೆ ಹಾಸನದ ಕಾಲೇಜಿನಲ್ಲಿ ಕೆಲಸ, ಕ್ವಾರ್ಟರ್ಸು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಒಪ್ಪಿಸದಿದ್ದರೆ ಕುಶಾಲನಗರದಲ್ಲಿ ಅತಿಥಿ ಉಪನ್ಯಾಸಕಿ, ಇಲ್ಲಿ ಚಟ್ನಿ.

ಫೆಬ್ರವರಿ 6, ಗುರುವಾರ

ಅದೇನು ವರ್ಷಗಟ್ಟಲೆ ಹೆಣೆಯುತ್ತಿದ್ದೀಯ ಎಂದು ಅಕ್ಕ ಇವತ್ತು ಸೊಪ್ಪು ಬಿಡಿಸುತ್ತಾ ಕೇಳಿದರು. ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ.

ನಮ್ಮ ಕೆರೆ ಒಂದು, ಅದಕ್ಕೆ ಪಂಪು ಒಂಬತ್ತು. ಹೂಮಳೆ ಬಾರದ ವರ್ಷ ನಾವೇ ಸ್ಪ್ರಿಂಕ್ಲರಿನಲ್ಲಿ ಕಾಫಿ ಗಿಡದ ಮೇಲೆ ಮಳೆ ಸುರಿಸಬೇಕು. ಇಲ್ಲದಿದ್ದರೆ ಹೂವಿಲ್ಲ, ವರ್ಷದ ಫಸಲಿಲ್ಲ. ಎರಡು ಪಂಪು ಒಟ್ಟಿಗೆ ಎಳೆದರೆ ಕೆರೆಯ ತಳ ಕಾಣುತ್ತದೆ, ಒರತೆಯಿಂದ ಮತ್ತೆ ತುಂಬಲು ದಿನಗಟ್ಟಲೆ ಬೇಕು. ಅದಕ್ಕೇ ಸರದಿ, ಸರದಿಗೇ ಜಗಳ. ನಾನು ಒಂದೊಂದು ಪಂಪ್‌ಹೌಸಿಗೂ ಒಂದು ಪುಟ್ಟ ಪೆಟ್ಟಿಗೆ ಇಡುತ್ತೇನೆ. ಪೆಟ್ಟಿಗೆಗಳು ರೇಡಿಯೋದಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ಸರದಿ ತೀರ್ಮಾನಿಸುತ್ತವೆ. ತೀರ್ಮಾನವಾದದ್ದನ್ನು ಒಂಬತ್ತೂ ಪೆಟ್ಟಿಗೆಗಳು ಕೊಂಡಿಗೆ ಕೊಂಡಿ ಸೇರಿಸಿ ಸರಪಳಿ ಮಾಡಿದ ಹಾಗೆ ಬರೆದಿಟ್ಟುಕೊಳ್ಳುತ್ತವೆ, ಆಮೇಲೆ ಯಾರೂ ತಿದ್ದಲಾರರು. ಬ್ಲಾಕ್‌ಚೈನ್ ಅಂದರೆ ಅಷ್ಟೆ. ಅದರಲ್ಲಿ ಯಜಮಾನ ಪೆಟ್ಟಿಗೆ ಅಂತ ಯಾವುದೂ ಇಲ್ಲ ಎಂದೆ. ಹಂಗೂ ಇರ್ತಾವಾ ಎಂದು ಅಕ್ಕ ನಕ್ಕರು.

ಕಷ್ಟವಿರುವುದು ಒಮ್ಮತದಲ್ಲಿ. ಬೇರೆಯವರ ಪ್ರೋಟೋಕಾಲ್‌ಗಳಲ್ಲಿ, ಅಂದರೆ ಪೆಟ್ಟಿಗೆಗಳು ಮಾತಾಡುವ ಕಟ್ಟಳೆಗಳಲ್ಲಿ, ಒಬ್ಬ ಕೇಳಿದರೆ ಉಳಿದವರೆಲ್ಲ ಹ್ಞೂಂ ಅನ್ನಬೇಕು. ಹ್ಞೂಂ ಅಂದದ್ದು ಕೇಳಿಸಿತು ಎಂದು ಮತ್ತೆ ಎಲ್ಲರೂ ಎಲ್ಲರಿಗೂ ಹೇಳಬೇಕು. ಒಂದು ಸರದಿಗೆ ಒಂದು ಸಂತೆಯ ಗದ್ದಲ. ನನ್ನ ಪೆಟ್ಟಿಗೆಯ ಬ್ಯಾಟರಿಗೆ ಅಷ್ಟು ಮಾತಾಡುವ ಶಕ್ತಿಯಿಲ್ಲ. ನನ್ನದು ಇಷ್ಟೇ: ಕೇಳು, ಸ್ವಲ್ಪ ಕಾಯಿ, ತಕರಾರಿದ್ದವರು ಮಾತ್ರ ಮಾತಾಡಲಿ, ಯಾರೂ ಮಾತಾಡದಿದ್ದರೆ ಒಪ್ಪಿದಂತೆ. ಇಡೀ ಪ್ರೋಟೋಕಾಲು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಇಷ್ಟು ಸರಳವಾದದ್ದನ್ನು ಇತ್ತೀಚೆಗೆ ನೋಡಿಲ್ಲ ಎಂದು ಗೈಡ್ ಮೇಡಂ ಹೋದ ವರ್ಷವೇ ಹೇಳಿದ್ದರು. ಎಲ್ಲಿಂದ ಹೊಳೆಯಿತು ಎಂದು ಕೇಳಿದ್ದಕ್ಕೆ ಕೆರೆ ಸಂಘದ ಸಭೆಯಿಂದ ಎಂದಿದ್ದೆ. ಭಾವ ಸಭೆ ನಡೆಸುವುದು ಹಾಗೇ ಅಲ್ಲವೆ. ಅರ್ಧ ಲೋಟ ಕಾಫಿಯೊಳಗೆ ಎಲ್ಲ ತೀರ್ಮಾನವಾಗುತ್ತದೆ.

ಫೆಬ್ರವರಿ 12, ಬುಧವಾರ

ಪೆಟ್ಟಿಗೆಗಳು ಕೆಲಸ ಶುರು ಮಾಡಿದವು. ಕೆರೆ ಕಟ್ಟೆಯ ಪಕ್ಕದ ಧರ್ಮೇಶ್ ಮೊದಲು ನೀರು ಹೊಡೆದರು, ಆಮೇಲೆ ತಿಮ್ಮಯ್ಯ. ಜಗಳ ಎಂಬುದೇ ಇಲ್ಲ. ಹಸಿರು ದೀಪ ಬಂದರೆ ಪಂಪು ಹಾಕುವುದು, ಕೆಂಪು ಇದ್ದರೆ ಬಿಡುವುದು.

ಕೊನೆಯ ಪೆಟ್ಟಿಗೆ ಕಾಳಮ್ಮನದು. ಕೆರೆಯ ಆಚೆ ತುದಿಯಲ್ಲಿ, ಇಳಿಜಾರಿನ ಕೆಳಗೆ, ಅವಳದೊಂದು ಚೂರು ರೊಬಸ್ಟಾ ಕಾಫಿ ತೋಟ. ಅವಳ ಮಾವನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆಸಿದವರು. ಗಂಡ ತೀರಿಕೊಂಡ ಮೇಲೆ ಎಲ್ಲ ಅವಳೊಬ್ಬಳೇ ನೋಡಿಕೊಳ್ಳುತ್ತಾಳೆ. ತಗ್ಗಿನ ಜಾಗವಾದ್ದರಿಂದ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ಸಿಲ್ವರ್ ಓಕ್ ಮರಕ್ಕೆ ಬಿಗಿದು ಬಂದೆ. ಹಸಿರು ಅಂದರೆ ಹಾಕಾದು, ಅಷ್ಟೇಯ ಎಂದು ಎರಡೆರಡು ಸಲ ಕೇಳಿದಳು. ಅಷ್ಟೇ ಎಂದೆ.

ಈ ಹಂಗಾಮು ಪೂರ್ತಿ ದೋಷವಿಲ್ಲದೆ ನಡೆಯಿತು ಎಂದು ಸಂಘದಿಂದ ಒಂದು ಪ್ರಮಾಣಪತ್ರ ಬೇಕು, ಅದಿಲ್ಲದೆ ಕೊನೆಯ ಅಧ್ಯಾಯಕ್ಕೆ ಬೆಲೆಯಿಲ್ಲ ಎಂದು ಮೇಡಂ ಹೇಳಿದ್ದಾರೆ. ಸಂಘದ ಅಧ್ಯಕ್ಷರು ನಮ್ಮ ಭಾವನೇ. ಮೊಹರು ಹಾಕಿಕೊಡ್ತೀನಿ ಬಿಡು ಎಂದರು. ಹಾಸನ ಕಣ್ಣಿಗೆ ಕಾಣುತ್ತಿದೆ.

ಫೆಬ್ರವರಿ 20, ಗುರುವಾರ

ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿಗೆ ಈ ಕಾಳಮ್ಮ.

ನಿನ್ನೆಯದು ಮೊದಲಿಗೆ ಅವಳ ಸರದಿಯಾಗಿತ್ತು, ನಾಳೆಯದು ನಮ್ಮದು. ಭಾವ ನಾಳೆ ಮಡಿಕೇರಿಗೆ ಹೋಗಬೇಕಿತ್ತು. ಅದಕ್ಕೆ ಅದಲುಬದಲು ಮಾಡಿಕೊಳ್ಳೋಣ ಎಂದು ಮೊನ್ನೆ ಫೋನಿನಲ್ಲಿ ಗುಂಡಿ ಒತ್ತಿದ್ದರು. ಪೆಟ್ಟಿಗೆ ಎಲ್ಲರನ್ನೂ ಕೇಳಿತು. ಯಾರೂ ತಕರಾರು ಮಾಡಲಿಲ್ಲ. ಸರಪಳಿಗೆ ಸೇರಿತು. ನಿನ್ನೆ ನಮ್ಮ ಪಂಪು ಹಾಕಿದರೆ, ಅತ್ತ ಅವಳೂ ಹಾಕಿಕೊಂಡಿದ್ದಾಳೆ. ಮಧ್ಯಾಹ್ನಕ್ಕೆಲ್ಲ ಕೆರೆ ಕೆಸರು. ಅವಳ ಕಡೆ ಆಳ ಕಮ್ಮಿ, ಪಂಪು ಗಾಳಿ ಎಳೆದು ಮೋಟಾರು ಸುಟ್ಟಿತು. ಅವಳ ಗಿಡಕ್ಕೆ ಅರ್ಧ ನೀರು, ನಮ್ಮದಕ್ಕೂ ಅರ್ಧವೇ.

ಹಸಿರು ದೀಪ ಬಂದಿತ್ತು ಎನ್ನುತ್ತಾಳೆ. ಬರಲು ಸಾಧ್ಯವೇ ಇಲ್ಲ. ಒಂದೇ ಹೊತ್ತಿಗೆ ಇಬ್ಬರಿಗೆ ಹಸಿರು ಬರುವುದಿಲ್ಲ ಎಂದು ನಾನು ಸಾಧಿಸಿ ತೋರಿಸಿದ್ದೇನೆ, ಎರಡನೇ ಅಧ್ಯಾಯದ ಪ್ರಮೇಯವೇ ಅದು. ಪೆಟ್ಟಿಗೆ ಸತ್ತುಹೋಗಿದ್ದರೆ ದೀಪವೇ ಇರುವುದಿಲ್ಲ. ಬದುಕಿದ್ದರೆ ಸರಪಳಿಯಲ್ಲಿರುವುದು ಅದಕ್ಕೆ ಗೊತ್ತಿರಬೇಕು. ಮನುಷ್ಯರು ಸುಳ್ಳು ಹೇಳುತ್ತಾರೆ.

ಫೆಬ್ರವರಿ 22, ಶನಿವಾರ

ನಮ್ಮ ಜಗುಲಿಯಲ್ಲಿ ಸಭೆ. ಮೊದಲ ಸಲ ನನಗೂ ಒಂದು ಕುರ್ಚಿ, ಬಾಗಿಲ ಹತ್ತಿರ, ಲ್ಯಾಪ್‌ಟಾಪ್ ಸಮೇತ. ಸರಪಳಿಯಲ್ಲಿ ಏನಿದೆ ತೋರಿಸಮ್ಮ ಎಂದು ಭಾವ ಹೇಳಿದರು. ತೋರಿಸಿದೆ. ಹತ್ತೊಂಬತ್ತನೇ ತಾರೀಕು ಸಿದ್ದಬಸಪ್ಪ ಎಂದಿತ್ತು. ಯಂತ್ರಕ್ಕೆ ಯಾರ ಮೇಲೂ ದ್ವೇಷ ಇಲ್ವಲ್ಲ ಎಂದು ಮಂಜೇಶ್ ಹೇಳಿದರು. ಅವರ ತೋಟ ನಮ್ಮದರ ಮೇಲೆಯೇ, ನೀರಿಗೆ ಸದಾ ಪರದಾಟ.

ಕಾಳಮ್ಮ ಮೆಟ್ಟಿಲ ಕೆಳಗೆ ನಿಂತಿದ್ದಳು. "ಹಸ್ರು ದೀಪ ಬಂದಿತ್ತು ಕಣವ್ವ. ನಾನ್ಯಾಕೆ ಸುಳ್ಳೇಳ್ಲಿ?" ಎಂದಳು. ಸಭೆಗಲ್ಲ, ನನಗೆ. ನಾನು ಪರದೆ ನೋಡಿದೆ.

ಸರದಿ ಕದ್ದದ್ದಕ್ಕೆ ಈ ಹಂಗಾಮಿನಲ್ಲಿ ಅವಳಿಗೆ ಇನ್ನು ಕೆರೆ ನೀರಿಲ್ಲ, ಪೆಟ್ಟಿಗೆ ವಾಪಸು ತರುವುದು ಎಂದು ಭಾವ ಠರಾವು ಓದಿದರು. ತಕರಾರೈತಾ ಎಂದರು. ಒಂದು ಗುಟುಕು. ಹಂಗಾರೆ ಆಯ್ತು.

ಅರ್ಧ ನೀರು ಕಂಡ ಮೊಗ್ಗು ಇನ್ನೊಂದು ಸಲ ನೀರು ಸಿಗದಿದ್ದರೆ ಅರಳದೆ ಕಪ್ಪಾಗಿ ಉದುರುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನಾನು ಸರಪಳಿಯಲ್ಲಿ ಇದ್ದದ್ದನ್ನು ತೋರಿಸಿದೆ, ಅಷ್ಟೆ. ನನ್ನನ್ನು ಬೇರೇನೂ ಕೇಳಿರಲಿಲ್ಲ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಪೆಟ್ಟಿಗೆ ತರಲು ಕಾಳಮ್ಮನ ತೋಟಕ್ಕೆ ಹೋಗಿದ್ದೆ. ಉಪವಾಸ, ಬಿಸಿಲು, ಬೇಡದ ಕೆಲಸ. ಬೈಯಿಸಿಕೊಳ್ಳಲು ತಯಾರಾಗಿಯೇ ಹೋದೆ. ಅವಳು ಬೈಯಲಿಲ್ಲ. ಕೀಲಿ ಕೊಟ್ಟು, ತಗೊಂಡ್ಹೋಗಿ ಎಂದು ಹೇಳಿ ಒಳಗೆ ಹೋದಳು.

ಪಂಪ್‌ಹೌಸಿನ ಹಿಂದೆ ಸಿಲ್ವರ್ ಓಕ್ ಮರ ಅಡ್ಡ ಬಿದ್ದಿತ್ತು. ಆನೆ ಒರಗಿ ಬೀಳಿಸಿದ್ದು, ಪಕ್ಕದಲ್ಲೇ ಒಣಗಿದ ಲದ್ದಿ. ಕೆರೆಗೆ ನೀರಿಗೆ ಬಂದವು ಅದೇ ದಾರಿಯಲ್ಲಿ ಹೋಗುತ್ತವೆ, ಇಲ್ಲಿ ಯಾರೂ ಅದನ್ನೊಂದು ಸುದ್ದಿ ಎಂದು ಹೇಳುವುದಿಲ್ಲ. ನನ್ನ ಬಿದಿರು ಗಳ ಮರದಡಿ ಸಿಕ್ಕಿ ಸೀಳಿಹೋಗಿತ್ತು. ಆಂಟೆನಾದ ತಂತಿ ತುಂಡಾಗಿತ್ತು. ಯಾವಾಗ ಬಿತ್ತು ಎಂದು ಕೂಗಿ ಕೇಳಿದೆ. ಮೋಟಾರು ಸುಡಾಕೆ ಮೂರು ದಿನ ಮುಂಚೆ ಎಂದಳು.

ಒಳಗೆ ಪೆಟ್ಟಿಗೆ ಬದುಕಿತ್ತು. ಸರದಿ ಬೇಕು ಎಂದು ಗುಂಡಿ ಒತ್ತಿದೆ. ಪೆಟ್ಟಿಗೆ ಕೇಳಿತು. ಅದು ಕೇಳಿದ್ದು ಯಾರಿಗೂ ತಲುಪುವಂತಿರಲಿಲ್ಲ. ಅದು ಕಾಯಿತು. ಯಾರೂ ತಕರಾರು ಹೇಳಲಿಲ್ಲ.

ಹಸಿರು ದೀಪ ಬಂತು.

ಮತ್ತೆ ಒತ್ತಿದೆ. ಮತ್ತೆ ಬಂತು. ಬಾಗಿಲಲ್ಲಿ ಕಾಳಮ್ಮ ಮಜ್ಜಿಗೆ ಲೋಟ ಹಿಡಿದು ನಿಂತು ನೋಡುತ್ತಿದ್ದಳು. ಉಪವಾಸ ಎಂದು ಹೇಳಿ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಬಂದುಬಿಟ್ಟೆ. ಅವಳಿಗೆ ಏನೂ ಹೇಳಲಿಲ್ಲ.

ಫೆಬ್ರವರಿ 27, ಗುರುವಾರ

ಸತ್ತ ಪೆಟ್ಟಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಬದುಕಿದ್ದೂ ಯಾರಿಗೂ ದನಿ ಕೇಳದ, ಯಾರ ದನಿಯೂ ಕೇಳಿಸದ ಪೆಟ್ಟಿಗೆ ಇರಬಹುದು ಎಂದು ಹೊಳೆದಿರಲಿಲ್ಲ. ಭಾವನ ಕಡೆಯವು ಅದರ ಮೌನವನ್ನು ಒಪ್ಪಿಗೆ ಎಂದುಕೊಂಡವು. ಅದು ಇವರೆಲ್ಲರ ಮೌನವನ್ನು ಒಪ್ಪಿಗೆ ಎಂದುಕೊಂಡಿತು. ಎರಡೂ ಕಡೆ ನಿಯಮ ಪಾಲಿಸಿಯೇ ಕೆರೆ ಬರಿದಾಯಿತು.

ಬೇರೆ ಯಾರಿಗೂ ಗೊತ್ತಿಲ್ಲ.

ಮಾರ್ಚ್ 1, ಶನಿವಾರ

ಮೇಡಂಗೆ ಫೋನು ಮಾಡಿದೆ. ಒಳಗೆ ಸಿಗ್ನಲ್ ಇಲ್ಲ, ಕಣದ ಮೂಲೆಯಲ್ಲಿ ನಿಂತು, ಮೆಣಸು ಹರಡುತ್ತಿದ್ದವರಿಗೆ ಕೇಳಿಸದ ಹಾಗೆ. ಅವರು ಸಮಾಧಾನವಾಗಿ ಕೇಳಿದರು. ಇದರಲ್ಲಿ ಗಾಬರಿ ಬೀಳುವಂಥದ್ದೇನೂ ಇಲ್ಲ, ಪ್ರತಿಯೊಬ್ಬರ ಪ್ರೋಟೋಕಾಲಿಗೂ ಒಂದಷ್ಟು ಊಹೆಗಳಿರುತ್ತವೆ, ಜಾಲ ಎಂದೂ ತುಂಡಾಗುವುದಿಲ್ಲ ಎಂದು ಊಹಿಸಲಾಗಿದೆ ಅಂತ ಒಂದು ಸಾಲು ಸೇರಿಸಿ, ಆ ಒಂದು ಪೆಟ್ಟಿಗೆಯನ್ನು ದೋಷಯುಕ್ತ ಎಂದು ಬಿಟ್ಟುಬಿಡು, ಪ್ರಮೇಯ ನಿಲ್ಲುತ್ತದೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಪ್ರಮೇಯ ನಿಲ್ಲುತ್ತದೆ.

ಎಲ್ಲರೂ ಬಾಯಿ ಬಿಟ್ಟು ಹ್ಞೂಂ ಅನ್ನುವ ಹಾಗೆ ಮಾಡಿದರೆ ಹೇಗೆ ಎಂದು ಕೇಳಿದೆ. ಆಗ ಅದು ಎಲ್ಲರ ಪ್ರೋಟೋಕಾಲಿನಂತೆಯೇ ಆಗುತ್ತದಲ್ಲ ಸುಧಾ, ಅದರಲ್ಲಿ ನಿನ್ನದೇನು ಉಳಿಯಿತು ಎಂದರು. ಅದೂ ನಿಜ.

ಪ್ರಮಾಣಪತ್ರ ಒಂದು ಬಂದರೆ ಮುಗಿಯಿತು ಎಂದರು. ಒಂಬತ್ತನೇ ತಾರೀಕು ಸಭೆಯಿದೆ ಎಂದೆ.

ಮಾರ್ಚ್ 4, ಮಂಗಳವಾರ

ಆ ಸಾಲು ಸೇರಿಸಿದೆ. ಪ್ರಬಂಧ ಮುಗಿಯಿತು. ಮುಗಿದ ದಿನ ಪಾಯಸ ಮಾಡಬೇಕು ಅಂದುಕೊಂಡಿದ್ದೆ. ಮಾಡಲಿಲ್ಲ, ರಾತ್ರಿಯ ಅಡುಗೆಗೆ ಅಕ್ಕಿ ಆರಿಸಿದೆ.

ಮಾರ್ಚ್ 5, ಬುಧವಾರ

ಇವರಿಗೆ ಹೇಳಿದೆ. ಸಂಜೆ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಪೂರ್ತಿ ಹೇಳಿದೆ: ಆನೆ, ಗಳ, ಹಸಿರು ದೀಪ. ಎರಡನೇ ಕಾಲೂ ತೊಳೆದುಕೊಂಡರು. ಟವಲು ಕೊಡು ಎಂದರು. ಅಷ್ಟೇ ಸಾಕಾಯಿತು ನನಗೆ, ಒಬ್ಬರಿಗೆ ಗೊತ್ತು ಎನ್ನುವುದೇ ದೊಡ್ಡ ಸಮಾಧಾನ. ಇವರು ಯಾವತ್ತೂ ನನ್ನ ಕಡೆಗೇ. ಆಡಿ ತೋರಿಸುವ ಸ್ವಭಾವವಲ್ಲ ಅಷ್ಟೆ.

ಮಾರ್ಚ್ 7, ಶುಕ್ರವಾರ

ಕಾಲೇಜಿನಿಂದ ಬರುವಾಗ ಬಸ್ಸು ಇಳಿದು ಕೆರೆ ದಾರಿಯಲ್ಲೇ ನಡೆದೆ. ಯಾಕೆ ಆ ದಾರಿ ಹಿಡಿದೆನೋ ಗೊತ್ತಿಲ್ಲ, ಸುತ್ತು ಬೇರೆ.

ಕಾಳಮ್ಮ ಮನೆಯ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಗಿಡಕ್ಕೆ ಹುಯ್ಯುತ್ತಿದ್ದರು. ಸೊಂಟದ ಮೇಲೊಂದು, ಕೈಯಲ್ಲೊಂದು. ಕಾಫಿ ಗಿಡಕ್ಕೆ ಬುಡಕ್ಕೆ ನೀರು ಹುಯ್ದರೆ ಮೊಗ್ಗು ಅರಳುವುದಿಲ್ಲ, ಮೇಲಿನಿಂದ ಮಳೆಯಾಗಿ ಬೀಳಬೇಕು. ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಚೊಂಬಿನಲ್ಲಿ ಮೊಗೆದು ರೆಂಬೆಗಳ ಮೇಲೆ ಎರಚುತ್ತಿದ್ದರು. ಒಂದು ಗಿಡ ನೆನೆಯುವ ಹೊತ್ತಿಗೆ ಹಿಂದಿನದು ಒಣಗುತ್ತಿತ್ತು.

ಮೋಟಾರು ಏನಾಯಿತು ಎಂದು ಕೇಳಿದೆ. ವೈಂಡಿಂಗ್ ಮಾಡಿಸಿ ತಂದಿಟ್ಟಿದ್ದಾರೆ, ಪಂಪ್‌ಹೌಸಿನಲ್ಲಿದೆ. ನೀರೇ ಇಲ್ಲವಲ್ಲ. ಇನ್ನು ನಾಲ್ಕೈದು ದಿನದಲ್ಲಿ ನೀರು ಬಿದ್ದರೆ ಬಿತ್ತು, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ನೋಡಬೇಕು ಎಂದರು. ಆಮೇಲೆ, ನೀವು ಓದ್ದೋರು, ಆ ಪೆಟ್ಗೆ ಏನಂತು ಎಂದು ಕೇಳಿದರು. ನಾನು ಬಾಯಿ ತೆರೆದೆ. ಒಂದು ಜೀಪು ಬಂತು, ಇಬ್ಬರೂ ಪಕ್ಕಕ್ಕೆ ಸರಿದೆವು. ಜೀಪು ಹೋದ ಮೇಲೆ ನಾನೂ ಹೊರಟುಬಂದೆ.

ನನ್ನ ಮೇಲೆ ನನಗೆ ಹೇಸಿಗೆಯಾಗುತ್ತಿದೆ. ಬಿಸಿ ತುಪ್ಪ ಇದು, ನುಂಗಲೂ ಆಗದು, ಉಗುಳಲೂ ಆಗದು. ಉಗುಳಿದರೆ ಹಾಸನ ಹೋಗುತ್ತದೆ. ಹಾಸನ ಹೋದರೆ ನಾನು ಈ ಓಣಿಯಲ್ಲೇ ಮುದುಕಿಯಾಗುತ್ತೇನೆ. ಹಾಗಂತ ಬಾಯಿ ಮುಚ್ಚಿಕೊಂಡು ಅಲ್ಲಿಗೆ ಹೋಗಿ ಚಿಲಕ ಹಾಕಿಕೊಂಡು ಏನು ಮಾಡಲಿ, ಒಳಗೆ ಇರುವವಳು ಇವಳೇ ತಾನೆ.

ಮಾರ್ಚ್ 9, ಭಾನುವಾರ

ಬರೆಯುವುದು ಬಹಳ ಇದೆ. 

ಕಾಳಮ್ಮ ಒಬ್ಬರನ್ನು ಬಿಟ್ಟು ಸಂಘದವರೆಲ್ಲ ಬಂದಿದ್ದರು. ಮೇಲಿನ ಎಸ್ಟೇಟಿನ ಸಾಹುಕಾರರ ಬದಲು ಎಂದಿನಂತೆ ಅವರ ಲೆಕ್ಕ ಬರೆಯುವ ರೈಟರ್ ಬಂದಿದ್ದರು. ಭಾವ ಪ್ರಮಾಣಪತ್ರ ಓದಿದರು. ಚೆನ್ನಾಗಿಯೇ ಬರೆಸಿದ್ದರು, ನಮ್ಮ ಮನೆಯ ಸೊಸೆ ಎಂದು ಒಂದು ಕಡೆ, ಯಾವ ದೋಷವೂ ಕಂಡುಬಂದಿಲ್ಲ ಎಂದು ಇನ್ನೊಂದು ಕಡೆ. ಮೊಹರಿನ ಡಬ್ಬಿ ಪಕ್ಕದಲ್ಲೇ ಇತ್ತು. ಯಾರ್ದಾದ್ರೂ ತಕರಾರೈತಾ ಎಂದು ಲೋಟ ಎತ್ತಿದರು.

"ನಂದೈತೆ," ಎಂದೆ.

ಭಾವನಿಗೆ ಕೇಳಿಸಿರಲಿಕ್ಕಿಲ್ಲ, ಕುಡಿದರು. ನಾನು ಎದ್ದು ನಿಂತೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. ದೋಷ ಇದೆ, ಕಾಳಮ್ಮ ಸರದಿ ಕದ್ದಿಲ್ಲ, ಅವರಿಗೆ ಹಸಿರು ದೀಪ ಬಂದಿತ್ತು, ನಾನೇ ಕಣ್ಣಾರೆ ನೋಡಿದೆ ಎಂದೆ. ಆನೆ ಆಂಟೆನಾ ಮುರಿದ ಮೇಲೆ ಅವರ ಪೆಟ್ಟಿಗೆಗೆ ನಮ್ಮ ಮಾತು ಕೇಳಿಸಿಲ್ಲ, ನಮ್ಮ ಪೆಟ್ಟಿಗೆಗಳಿಗೆ ಅದರ ಮಾತು ಕೇಳಿಸಿಲ್ಲ. ಮಾತಾಡದಿದ್ದರೆ ಒಪ್ಪಿದಂತೆ ಎಂದು ಕಲಿಸಿದ್ದು ನಾನು. ತಪ್ಪು ನನ್ನದು ಎಂದೆ.

 ಭಾವ ಕನ್ನಡಕ ತೆಗೆದರು. ಅವರಿಗೆ ಕೋಪ ಬಂದಿರಲಿಲ್ಲ. ಗೊಂದಲವಾಗಿತ್ತು, ಅದನ್ನು ಅವರ ಮುಖದಲ್ಲಿ ನಾನು ನೋಡಿರಲಿಲ್ಲ.

"ಹಂಗಂತ ಬರೆದ್ರೆ ನಿನ್ ಓದು?"

"ಹೋಯ್ತದೆ ಭಾವ."

"ಗೊತ್ತಿದ್ದೇ ಹೇಳ್ತಿದೀಯಾ?"

ಹ್ಞೂಂ ಎಂದೆ. ಅವರು ಪ್ರಮಾಣಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ನಾನು ಕುಳಿತುಕೊಳ್ಳಬಹುದಿತ್ತು. ಕಾಳಮ್ಮನಿಗೆ ನಾಳೆ ನಾಡಿದ್ದರಲ್ಲೇ ನೀರು ಕೊಡಬೇಕು ಎಂದೆ. ಅದಕ್ಕೆ ಗದ್ದಲ ಎದ್ದಿತು. ಕೆರೆಯಲ್ಲಿ ಉಳಿದಿರುವುದೇ ಅಷ್ಟು, ಅವರಿಗೆ ಕೊಟ್ಟರೆ ಉಳಿದವರ ಎರಡನೇ ನೀರಿಗೆ ಕೊರತೆ. ಭಾವ ಕೈಯೆತ್ತಿ ಗದ್ದಲ ನಿಲ್ಲಿಸಿ, ಆಗಿದ್ದು ಆಗಿಹೋಯ್ತು, ಹಿಂದಿನ ಠರಾವೇ ಇರಲಿ, ತಕರಾರೈತಾ ಎಂದರು. ಎಲ್ಲರೂ ಸುಮ್ಮನಾದರು. ಲೋಟ ತುಟಿಗೆ ಹೋಗುತ್ತಿತ್ತು.

"ಹಂಗಲ್ಲ ಭಾವ. ಒಬ್ಬೊಬ್ರನ್ನೇ ಹೆಸರಿಡ್ದು ಕೇಳ್ಬೇಕು. ಬಾಯಿ ಬಿಟ್ಟು ಹೇಳಿದ್ದಷ್ಟೇ ಲೆಕ್ಕ."

ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಗಳ ಹೆಸರು ಇತ್ತಲ್ಲ, ನಾನೇ ಓದಲು ಶುರು ಮಾಡಿದೆ. ಬೇಡ ಎಂದು ಯಾರೂ ತಡೆಯಲಿಲ್ಲ, ಅಷ್ಟು ಆಶ್ಚರ್ಯ ಅವರಿಗೆ. ಧರ್ಮೇಶ್ ಕೊಡೋಣ ಎಂದರು. ಮಂಜೇಶ್ ಆಗಲ್ಲ ಎಂದರು, ಅವರಿಗೆ ಅವರ ಮೊಗ್ಗಿನ ಚಿಂತೆ. ತಿಮ್ಮಯ್ಯ ಎಷ್ಟೋ ಹೊತ್ತು ಗಂಟಲು ಸರಿಮಾಡಿಕೊಂಡರು. ಈ ಜಗುಲಿಗೆ ಅಷ್ಟು ವರ್ಷದಿಂದ ಬರುತ್ತಿದ್ದಾರೆ, ಅವರ ದನಿ ಇಷ್ಟು ದಪ್ಪ ಎಂದು ನನಗೆ ಗೊತ್ತಿರಲಿಲ್ಲ. ಆ ದಿನವೇ ನಂಗೆ ಮನಸ್ಸಿರಲಿಲ್ಲ, ಕೊಡಿ ಎಂದರು. ಅನಿಲ್‌ಕುಮಾರ್ ಬೇಡ ಎಂದರು. ರೈಟರ್, ಸಾಹುಕಾರರನ್ನು ಕೇಳದೆ ಹೇಳಲಾರೆ ಎಂದರು. ಹಾಗಿದ್ದರೆ ಎಣಿಸುವುದಿಲ್ಲ ಎಂದೆ. ಭಾವ ಬೇಡ ಎಂದರು. ಸರದಿ ಒಂದು ಸಲ ಸಡಿಲವಾದರೆ ಆಮೇಲೆ ಹಿಡಿಯಲಾಗುವುದಿಲ್ಲ ಎಂದು ಕಾರಣವನ್ನೂ ಹೇಳಿದರು. ಅವರದು ಅವರ ನ್ಯಾಯ.

ಕೊಡೋಣ ಎಂದವರು ಇಬ್ಬರು, ಬೇಡ ಎಂದವರು ಮೂವರು. ಉಳಿದದ್ದು ನಮ್ಮ ಮನೆಯ ಇನ್ನೆರಡು ಪೆಟ್ಟಿಗೆ. ತೋಟ ಮೂರು ಹೆಸರಿನಲ್ಲಿದೆ, ಸಭೆಗೆ ಮಾತ್ರ ಒಬ್ಬರೇ.

"ಕೀರ್ತಿಕುಮಾರ್," ಎಂದು ಓದಿದೆ. ಗಂಡನ ಹೆಸರು ಬಾಯಲ್ಲಿ ಹೇಳಿದ್ದಕ್ಕೆ ಯಾರೋ ಕೆಮ್ಮಿದರು. ಇವರು ಕಂಬಕ್ಕೆ ಒರಗಿ ನಿಂತಿದ್ದರು. ಎಲ್ಲ ಗೊತ್ತಿದ್ದವರು ಇವರೊಬ್ಬರೇ. ಅಣ್ಣನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಅಂಗಳದ ಕಡೆ ನೋಡಿದರು. ಕಾದೆ. ಪೆಟ್ಟಿಗೆಗಳು ಕಾಯುವುದಕ್ಕಿಂತ ಬಹಳ ಹೆಚ್ಚು ಕಾದೆ. ಇವರು ಮಾತಾಡಲಿಲ್ಲ.

ಎಣಿಸಲಿಲ್ಲ.

ಆಮೇಲೆ ಸರ್ವಮಂಗಳ ಎಂದು ಓದಿದೆ. ಮಂಜೇಶ್ ನಕ್ಕರು, ಭಾವನೂ ನಗುವವರಿದ್ದರು. ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು. ಅಕ್ಕ ಹೊರಗೆ ಬರಲಿಲ್ಲ, ಒಳಗಿನಿಂದಲೇ ಹೇಳಿದರು. "ನಂದು ಕೊಡಿ. ನನ್ ಪಾಲಿನ ನೀರೇ ಕೊಡಿ ಆ ಕಾಳಮ್ಮಂಗೆ. ಉಳಿದೋರ್ಗೆ ಕಮ್ಮಿ ಆಗಲ್ಲ."

ಅದಕ್ಕೆ ಎಣಿಕೆ ಬೇಕಾಗಲಿಲ್ಲ. ಅವರ ಹೆಸರಿನ ಸರದಿ, ಅವರು ಕೊಟ್ಟರು. ಭಾವ ಸುಮಾರು ಹೊತ್ತು ಬಾಗಿಲ ಕಡೆಯೇ ನೋಡಿ, "ಕೊಡ್ರಿ ಹಂಗಾರೆ" ಎಂದು ಎದ್ದುಹೋದರು. ಕಾಫಿ ಲೋಟದಲ್ಲೇ ಉಳಿದಿತ್ತು.

ಮಾರ್ಚ್ 10, ಸೋಮವಾರ

ಕೊನೆಯ ಅಧ್ಯಾಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಮೇಡಂಗೆ ಬರೆದೆ. ಫೋನು ಮಾಡಿದರು, ಬೇಜಾರಾದರು, ಬೈದರು. ಸರಿಪಡಿಸಿ ಬರೆಯಲು ಇನ್ನೊಂದು ವರ್ಷವಾದರೂ ಬೇಕು, ಹೊಸದಾಗಿ ನೋಂದಣಿ ಮಾಡಿಸಬೇಕು, ಹಾಸನದವರು ಕಾಯುವುದಿಲ್ಲ. ಎಲ್ಲದಕ್ಕೂ ಗೊತ್ತು ಮೇಡಂ ಎಂದೆ. ಫೋನಿಟ್ಟ ಮೇಲೆ ಕಣದಲ್ಲೇ ಕುಳಿತು ಅತ್ತೆ. ಮೆಣಸು ಹರಡುವವರು ನೋಡಿದರೆ ನೋಡಲಿ ಎನಿಸಿತು.

ಮಾರ್ಚ್ 11, ಮಂಗಳವಾರ

ಬೆಳಗ್ಗೆ ತಿಂಡಿ ಮಾಡದೆ ಕಾಳಮ್ಮನ ಪಂಪ್‌ಹೌಸಿಗೆ ಹೋದೆ. ಪೆಟ್ಟಿಗೆಗಳನ್ನೆಲ್ಲ ನಾನೇ ಆರಿಸಿಬಿಟ್ಟಿದ್ದೇನೆ. ಆಚೆ ಯಾರೂ ಪಂಪು ಹಾಕಿಲ್ಲ ಎಂದು ಧರ್ಮೇಶ್ ಒಂದೊಂದೇ ಪಂಪ್‌ಹೌಸಿಗೆ ಹೋಗಿ ಕೇಳಿ, ಕಟ್ಟೆಯ ಮೇಲಿನಿಂದ ಕೂಗಿದರು. ಮೋಟಾರು ಹಿಡಿಯಿತು. ಸ್ಪ್ರಿಂಕ್ಲರು ಎರಡು ಸಲ ಕೆಸರು ಉಗುಳಿ ಆಮೇಲೆ ಸರಿಯಾಗಿ ಸುತ್ತತೊಡಗಿತು. ಕಾಳಮ್ಮನಿಗೆ ನಡೆದದ್ದೆಲ್ಲ ನಾನೇ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವರು ಗಿಡಗಳನ್ನೇ ನೋಡುತ್ತಾ ನಿಂತಿದ್ದರು. ಅವತ್ತೇ ಹೇಳಬೇಕಿತ್ತು ನೀವು ಎಂದರು. ಹೌದು ಎಂದೆ. ಒಂದಷ್ಟು ಮೊಗ್ಗು ಹೋಗಿದೆ, ಒಂದಷ್ಟು ಉಳಿಯುತ್ತದೆ.

ವಾಪಸು ಬರುವಾಗ ಇವರು ಕಟ್ಟೆಯ ತುದಿಯಲ್ಲಿ ಕಾಯುತ್ತಿದ್ದರು. ಜೊತೆಗೆ ನಡೆದರು.  ಗೇಟಿನ ಹತ್ತಿರ, "ನಾನು ನಿನ್ ಕಡೆಗೇ ಇದ್ದೆ ಸುಧಾ. ನಿಂಗೊತ್ತಲ್ಲ," ಎಂದರು.

ಇಷ್ಟು ವರ್ಷ ಇವರ ಮೌನವನ್ನೆಲ್ಲ ಕೂಡಿಸಿ ಕೂಡಿಸಿ ನನ್ನ ಕಡೆಯ ಮತ ಎಂದು ಬರೆದಿಟ್ಟುಕೊಂಡು ಬಂದಿದ್ದೆ. ಆ ಲೆಕ್ಕದ ಮೇಲೆಯೇ ಸಂಸಾರ ಮಾಡಿದ್ದೆ.

"ಗೊತ್ತಿಲ್ಲ," ಎಂದೆ. "ನೀವು ಹೇಳಿಲ್ಲ."

ಇವರು ಗೇಟಿನ ಅಗುಳಿ ಹಿಡಿದುಕೊಂಡು ನಿಂತರು. ಬಿಸಿಲೇರುತ್ತಿತ್ತು. ಒಳಗೆ ಹೋಗಿ ಅಡುಗೆ ನೋಡಬೇಕಿತ್ತು ನಾನು. ಹೋಗಲಿಲ್ಲ, ಅಲ್ಲೇ ನಿಂತೆ, ಇವರ ಬಾಯನ್ನೇ ನೋಡುತ್ತಾ.